ಸಿಗ್ರಾಕ್-ಸಿಎಲ್‌ಐ: ತಂತಿಯಲ್ಲಿ ಓಡುವ ಸಿಗ್ನಲ್ ಹಿಡಿದು ಓದುವುದು ಹೇಗೆ

ಆರ್ಡಿನೊ ಅನ್ನುವ ಪುಟ್ಟ ಪ್ರೋಗ್ರಾಂ ಬೋರ್ಡ್‌ಗೆ ಡಿಎಸ್1307 ಗಡಿಯಾರದ ಮಾಡ್ಯೂಲ್ ಜೋಡಿಸಿದವರಲ್ಲಿ ಅನೇಕರು ಈ ಸಾಲನ್ನು ನೋಡಿರುತ್ತಾರೆ: 2165/165/165 165:165:85. ಇಸವಿ 2165, ತಿಂಗಳು 165, ತಾರೀಖೂ 165. ಕೋಡ್ ತಪ್ಪೇ? ವೈರ್ ತಪ್ಪೇ? ಮಾಡ್ಯೂಲೇ ಸತ್ತಿದೆಯೇ? ಸ್ಕ್ರೀನ್ ನೋಡುತ್ತಾ ಕೂತರೆ ಇದು ಬಗೆಹರಿಯುವುದಿಲ್ಲ. ತಂತಿಯ ಮೇಲೆ ನಿಜಕ್ಕೂ ಏನು ಹೋಯಿತು ಅಂತ ನೋಡಬೇಕು.

ಅದಕ್ಕೆ ಬೇಕಾದದ್ದು ತಂತಿಯ ಮೇಲಿನ 0, 1ಗಳನ್ನು ಹಿಡಿದು ಕೊಡುವ ಒಂದು ಅಗ್ಗದ ಲಾಜಿಕ್ ಅನಲೈಸರ್ ಮತ್ತು ಸಿಗ್ರಾಕ್ ಅನ್ನುವ ಉಚಿತ ತಂತ್ರಾಂಶ. ಊವೆ ಹೆರ್ಮನ್ ಮತ್ತು ಬರ್ಟ್ ವರ್ಮೂಲೆನ್ 2010ರಲ್ಲಿ ಶುರು ಮಾಡಿದ ಯೋಜನೆ ಇದು. ಸೋರ್ಸ್ ಪೂರ್ತಿ ಮುಕ್ತ. ಹಾರ್ಡ್‌ವೇರ್ ಜೊತೆ ಮಾತಾಡುವ ಲೈಬ್ರರಿ ಒಂದು, ಸಿಗ್ನಲ್ ಬಿಡಿಸಿ ಓದುವ ಲೈಬ್ರರಿ ಇನ್ನೊಂದು. ಇವುಗಳ ಮೇಲೆ ಎರಡು ಮುಖ: ಚಿತ್ರ ತೋರಿಸುವ ಪಲ್ಸ್‌ವ್ಯೂ, ಟರ್ಮಿನಲ್‌ನಲ್ಲಿ ಓಡುವ ಸಿಗ್ರಾಕ್-ಸಿಎಲ್‌ಐ. ಒಂದು ಸಲ ಸುಮ್ನೆ ಇಣುಕಿ ನೋಡುವುದಾದರೆ ಪಲ್ಸ್‌ವ್ಯೂ ಸಾಕು. ಅದೇ ಪರೀಕ್ಷೆಯನ್ನು ಮತ್ತೆ ಮತ್ತೆ ಮಾಡಬೇಕು, ಫಲಿತಾಂಶದಲ್ಲಿ ಹುಡುಕಬೇಕು, ನಿನ್ನೆಯದಕ್ಕೂ ಇವತ್ತಿನದಕ್ಕೂ ಹೋಲಿಸಬೇಕು ಅಂದರೆ ಟರ್ಮಿನಲ್ಲೇ ವಾಸಿ. ಅಲ್ಲಿ ಸಿಗ್ನಲ್ ಪಠ್ಯವಾಗಿ ಕೈಗೆ ಬರುತ್ತದೆ.

ಈ ಲೇಖನದ ಉದ್ದಕ್ಕೂ ಒಂದೇ ಕ್ರಮ ಅನುಸರಿಸುತ್ತೇನೆ. ಮೊದಲು ಹಿಡಿದು ಫೈಲಿಗೆ ಹಾಕುವುದು, ಆಮೇಲೆ ಎಷ್ಟು ಸಲ ಬೇಕಾದರೂ ಬಿಡಿಸಿ ಓದುವುದು. ಎರಡನ್ನೂ ಒಂದೇ ಕಮಾಂಡ್‌ನಲ್ಲಿ ಮಾಡಬಹುದು. ಆದರೆ ಡಿಕೋಡರ್‌ಗೆ, ಅಂದರೆ ಬಿಡಿಸಿ ಓದುವ ಭಾಗಕ್ಕೆ, ಕೊಟ್ಟ ಸೆಟ್ಟಿಂಗ್ ತಪ್ಪಿದ್ದರೆ ಹಿಡಿದದ್ದೂ ಹೋಗುತ್ತದೆ. ತಿಂಗಳಿಗೊಮ್ಮೆ ಕಾಣುವ ದೋಷವಾಗಿದ್ದರೆ ಆಗ ತಲೆ ಚಚ್ಚಿಕೊಳ್ಳಬೇಕಾಗುತ್ತದೆ.

ಬೇಕಾದ ಸಾಮಾನು

ಬೆಂಗಳೂರಿನ ಎಸ್‌ಪಿ ರೋಡ್‌ನಲ್ಲಿ ಅಥವಾ ಆನ್‌ಲೈನ್‌ನಲ್ಲಿ "8 ಚಾನೆಲ್ 24 ಮೆಗಾಹರ್ಟ್ಸ್ ಲಾಜಿಕ್ ಅನಲೈಸರ್" ಅಂತ ಕೇಳಿ. ಬೆಂಕಿಪೊಟ್ಟಣದಷ್ಟೇ ಇರುವ ಡಬ್ಬಿ ಬರುತ್ತದೆ. ಸಾಮಾನ್ಯವಾಗಿ ಸಾವಿರ ರೂಪಾಯಿಯೊಳಗೆ ಸಿಗುತ್ತದೆ. ಒಳಗಿರುವುದು ಸೈಪ್ರೆಸ್ ಕಂಪನಿಯ ಎಫ್‌ಎಕ್ಸ್2 ಜಾತಿಯ ಯುಎಸ್‌ಬಿ ಚಿಪ್. ಈ ಡಬ್ಬಿಗೆ ಸ್ವಂತ ನೆನಪು ಅಂತ ಹೇಳಿಕೊಳ್ಳುವಂಥದ್ದಿಲ್ಲ. ಎಂಟು ಪಿನ್‌ಗಳ ಸ್ಥಿತಿಯನ್ನು ಒಂದು ಬೈಟ್ ಮಾಡಿ ಕಂಪ್ಯೂಟರಿಗೆ ತಳ್ಳುತ್ತಾ ಹೋಗುತ್ತದೆ, ಅಷ್ಟೆ. ಸೆಕೆಂಡಿಗೆ 24 ದಶಲಕ್ಷ ಸ್ಯಾಂಪಲ್ ಅಂದರೆ ಸೆಕೆಂಡಿಗೆ 24 ಮೆಗಾಬೈಟ್. ಈ ಲೆಕ್ಕ ನೆನಪಿರಲಿ, ಮುಂದೆ ಬೇಕಾಗುತ್ತದೆ.

ಇದು ವೋಲ್ಟೇಜ್ ಅಳೆಯುವ ಸಾಧನ ಅಲ್ಲ. ಸುಮಾರು 0.8 ವೋಲ್ಟ್‌ಗಿಂತ ಕೆಳಗೆ ಇದ್ದರೆ 0, 2 ವೋಲ್ಟ್‌ಗಿಂತ ಮೇಲೆ ಇದ್ದರೆ 1. ನಡುವೆ ಇದ್ದರೆ ಎರಡರಲ್ಲಿ ಯಾವುದೂ ಆಗಬಹುದು. 3.3 ಮತ್ತು 5 ವೋಲ್ಟ್ ಸಿಗ್ನಲ್‌ಗಳಿಗೆ ತೊಂದರೆ ಇಲ್ಲ. 1.8 ವೋಲ್ಟ್ ಸಿಗ್ನಲ್‌ಗೆ ನಂಬಬೇಡಿ. ಹಳೆ ಕಾಲದ ಆರ್‌ಎಸ್-232 ಪೋರ್ಟ್‌ಗೆ ನೇರವಾಗಿ ಜೋಡಿಸಬೇಡಿ, ಅಲ್ಲಿ ಮೈನಸ್ 12 ವೋಲ್ಟ್ ಕೂಡ ಇರಬಹುದು.

ಇನ್ನೊಂದು ಎಚ್ಚರಿಕೆಯನ್ನು ಗಟ್ಟಿಯಾಗಿಯೇ ಹೇಳಬೇಕು. ವಾಷಿಂಗ್ ಮಶೀನ್, ಎಲ್‌ಇಡಿ ಬಲ್ಬ್, ಗೋಡೆಯ ಸ್ಮಾರ್ಟ್ ಸ್ವಿಚ್, ಇಂಥವುಗಳ ಬೋರ್ಡ್‌ನ ಗ್ರೌಂಡ್ ಎಷ್ಟೋ ಸಲ ನೇರ 230 ವೋಲ್ಟ್ ಲೈನಿಗೆ ತಗುಲಿರುತ್ತದೆ. ಅನಲೈಸರ್‌ನ ಗ್ರೌಂಡ್ ನಿಮ್ಮ ಲ್ಯಾಪ್‌ಟಾಪ್‌ನ ಗ್ರೌಂಡ್. ಅವೆರಡನ್ನು ಜೋಡಿಸಿದರೆ ಲ್ಯಾಪ್‌ಟಾಪ್ ಹೋಗುತ್ತದೆ, ಪ್ರಾಣವೂ ಹೋಗಬಹುದು. ಬ್ಯಾಟರಿಯಿಂದಲೋ ಯುಎಸ್‌ಬಿಯಿಂದಲೋ ಓಡುವ ಬೋರ್ಡ್‌ಗಳಲ್ಲಿ ಮಾತ್ರ ಕಲಿಯಿರಿ.

ಹಾಕಿಕೊಳ್ಳುವುದು

ಮೊದಲು ಒಂದು ಸೂಚನೆ. ಇಲ್ಲಿ ಕಮಾಂಡ್‌ಗಳನ್ನೂ ಕನ್ನಡ ಲಿಪಿಯಲ್ಲೇ ಬರೆದಿದ್ದೇನೆ. ಟರ್ಮಿನಲ್‌ನಲ್ಲಿ ಅವನ್ನು ಇಂಗ್ಲಿಷ್ ಸಣ್ಣಕ್ಷರದಲ್ಲಿ ಟೈಪ್ ಮಾಡಬೇಕು. ಚಾನೆಲ್ ಹೆಸರಿನ ಡಿ ಮಾತ್ರ ದೊಡ್ಡಕ್ಷರ. ಡ್ರೈವರ್ ಹೆಸರನ್ನು ಎಫ್, ಎಕ್ಸ್, 2, ಎಲ್, ಎ, ಎಫ್, ಡಬ್ಲ್ಯು ಅಂತ ಜಾಗ ಬಿಡದೆ ಬರೆಯಬೇಕು. ಆಯ್ಕೆಗಳ ಉದ್ದದ ಹೆಸರುಗಳನ್ನೇ ಬಳಸುತ್ತೇನೆ, ಅದಕ್ಕೂ ಕಾರಣ ಇದೆ. ಚಿಕ್ಕ ರೂಪದಲ್ಲಿ ಸಣ್ಣ ಐ ಅಂದರೆ ಓದಬೇಕಾದ ಫೈಲು, ದೊಡ್ಡ ಐ ಅಂದರೆ ಆ ಫೈಲಿನ ಬಗೆ. ಸಣ್ಣ ಸಿ ಬೇರೆ, ದೊಡ್ಡ ಸಿ ಬೇರೆ. ಹೊಸಬರು ಎಡವುವುದು ಇಲ್ಲೇ. ಸ್ಪೆಲ್ಲಿಂಗ್ ಅನುಮಾನ ಬಂದರೆ --ಹೆಲ್ಪ್ ಕೊಡಿ, ಎಲ್ಲವೂ ಪಟ್ಟಿಯಾಗಿ ಬರುತ್ತದೆ.

ಉಬುಂಟು ಅಥವಾ ಡೆಬಿಯನ್ ಆದರೆ:

ಸುಡೊ ಆಪ್ಟ್ ಇನ್‌ಸ್ಟಾಲ್ ಸಿಗ್ರಾಕ್-ಸಿಎಲ್‌ಐ ಸಿಗ್ರಾಕ್-ಫರ್ಮ್‌ವೇರ್-ಎಫ್‌ಎಕ್ಸ್2ಎಲ್‌ಎಎಫ್‌ಡಬ್ಲ್ಯು

ಎರಡನೆಯ ಪ್ಯಾಕೇಜ್ ಮರೆಯಬೇಡಿ. ಡಬ್ಬಿಯನ್ನು ಯುಎಸ್‌ಬಿಗೆ ಚುಚ್ಚಿದಾಗ ಅದರೊಳಗೆ ಕೆಲಸ ಮಾಡುವ ಪ್ರೋಗ್ರಾಂ ಇರುವುದಿಲ್ಲ. ಸಿಗ್ರಾಕ್ ಪ್ರತಿ ಸಲವೂ ತನ್ನದೇ ಮುಕ್ತ ಫರ್ಮ್‌ವೇರನ್ನು ಅದಕ್ಕೆ ಕಳಿಸುತ್ತದೆ. ವೈರ್ ಕಿತ್ತರೆ ಅದು ಅಳಿಸಿಹೋಗುತ್ತದೆ.

ವಿಂಡೋಸ್‌ನಲ್ಲಿ ಝಾಡಿಗ್ ಅನ್ನುವ ಸಣ್ಣ ಉಪಕರಣದಿಂದ ವಿನ್‌ಯುಎಸ್‌ಬಿ ಡ್ರೈವರ್ ಹಾಕಬೇಕು, ಕೆಲವೊಮ್ಮೆ ಎರಡು ಸಲ. ಫರ್ಮ್‌ವೇರ್ ಹೋದಮೇಲೆ ಡಬ್ಬಿ ಬೇರೆ ಗುರುತಿನ ಸಂಖ್ಯೆಯಲ್ಲಿ ಮತ್ತೆ ಕಾಣಿಸಿಕೊಳ್ಳಬಹುದು. ಆಗ ವಿಂಡೋಸ್‌ಗೆ ಅದು ಹೊಸ ಸಾಧನ.

ಡಬ್ಬಿ ಸಿಕ್ಕಿತೇ ನೋಡಿ:

ಸಿಗ್ರಾಕ್-ಸಿಎಲ್‌ಐ --ಸ್ಕ್ಯಾನ್

ಡೆಮೊ ಅನ್ನುವ ಸುಳ್ಳು ಸಾಧನ ಯಾವಾಗಲೂ ಕಾಣುತ್ತದೆ. ಅದರ ಕೆಳಗೆ ಎಫ್‌ಎಕ್ಸ್2ಎಲ್‌ಎಎಫ್‌ಡಬ್ಲ್ಯು, 8 ಚಾನೆಲ್, ಡಿ0ರಿಂದ ಡಿ7 ಅಂತ ಇನ್ನೊಂದು ಸಾಲು ಬಂದರೆ ಗೆದ್ದಿರಿ. ಬರದಿದ್ದರೆ ವೈರ್ ಕಿತ್ತು ಮತ್ತೆ ಹಾಕಿ. ಅನುಮತಿ ಕೊಡುವ ಯುಡೆವ್ ನಿಯಮಗಳು ಪ್ಯಾಕೇಜ್ ಜೊತೆಗೇ ಬರುತ್ತವೆ, ಆದರೆ ಮೊದಲೇ ಚುಚ್ಚಿದ್ದ ಸಾಧನಕ್ಕೆ ಅವು ತಗುಲುವುದಿಲ್ಲ. ಸುಡೊ ಹಾಕಿದರೆ ಕೆಲಸ ನಡೆಯುತ್ತದೆ ನಿಜ. ಆಮೇಲೆ ಫೈಲುಗಳೆಲ್ಲ ರೂಟ್ ಹೆಸರಲ್ಲಿ ಕೂತು ಕಾಟ ಕೊಡುತ್ತವೆ. ಡಬ್ಬಿ ಇನ್ನೂ ಕೈಗೆ ಬಂದಿಲ್ಲ ಅಂದರೆ --ಡ್ರೈವರ್ ಡೆಮೊ ಅಂತ ಕೊಟ್ಟು ಕಮಾಂಡ್‌ಗಳನ್ನು ಅಭ್ಯಾಸ ಮಾಡಬಹುದು.

ಮೊದಲ ಹಿಡಿತ: ಒಂದೇ ಒಂದು ಅಕ್ಷರ

ಸುಲಭದಿಂದ ಶುರು ಮಾಡೋಣ. ಆರ್ಡಿನೊ ಊನೊದಲ್ಲಿ ಸೀರಿಯಲ್ ವೇಗ 9600 ಇಟ್ಟು, ಸೆಕೆಂಡಿಗೊಮ್ಮೆ "ಕ" ಅನ್ನುವ ಒಂದೇ ಅಕ್ಷರ ಪ್ರಿಂಟ್ ಮಾಡುವ ಪ್ರೋಗ್ರಾಂ ಹಾಕಿ. ಹೌದು, ಕನ್ನಡದ ಕ. ಆರ್ಡಿನೊದ 1ನೇ ಪಿನ್‌ನಿಂದ ಅನಲೈಸರ್‌ನ ಮೊದಲ ಚಾನೆಲ್‌ಗೆ ಒಂದು ಜಂಪರ್. ಗ್ರೌಂಡ್‌ನಿಂದ ಗ್ರೌಂಡ್‌ಗೆ ಇನ್ನೊಂದು. ಎರಡೂ ಒಂದೇ ಲ್ಯಾಪ್‌ಟಾಪ್‌ಗೆ ಚುಚ್ಚಿವೆಯಲ್ಲ, ಗ್ರೌಂಡ್ ವೈರ್ ಯಾಕೆ ಅನ್ನಬೇಡಿ. ಅದಿಲ್ಲದಿದ್ದರೆ ಸಿಗ್ನಲ್ ಮರಳುವ ದಾರಿ ಎರಡು ಯುಎಸ್‌ಬಿ ಕೇಬಲ್ ಸುತ್ತಿ ಬರುತ್ತದೆ, ಕಸ ಸೇರಿಕೊಳ್ಳುತ್ತದೆ.

ಇಲ್ಲೊಂದು ಪ್ರಸಿದ್ಧ ಗೊಂದಲ. ಅಗ್ಗದ ಡಬ್ಬಿಗಳ ಮೇಲೆ ಎಷ್ಟೋ ಸಲ ಸಿಎಚ್1ರಿಂದ ಸಿಎಚ್8 ಅಂತ ಅಚ್ಚಾಗಿರುತ್ತದೆ. ಸಿಗ್ರಾಕ್ ಎಣಿಸುವುದು ಡಿ0ಯಿಂದ. ಅಂಥ ಡಬ್ಬಿಯಲ್ಲಿ ಸಿಎಚ್1 ಅಂದರೆ ಡಿ0.

ಸಿಗ್ರಾಕ್-ಸಿಎಲ್‌ಐ --ಡ್ರೈವರ್ ಎಫ್‌ಎಕ್ಸ್2ಎಲ್‌ಎಎಫ್‌ಡಬ್ಲ್ಯು --ಕಾನ್ಫಿಗ್ ಸ್ಯಾಂಪಲ್‌ರೇಟ್=100000 --ಸ್ಯಾಂಪಲ್ಸ್ 512 --ಚಾನೆಲ್ಸ್ ಡಿ0 --ಟ್ರಿಗರ್ಸ್ ಡಿ0=ಎಫ್ --ವೇಟ್-ಟ್ರಿಗರ್

ಸೆಕೆಂಡಿಗೆ ಒಂದು ಲಕ್ಷ ಸಲ ನೋಡು, 512 ಸಲ ನೋಡಿ ನಿಲ್ಲು, ಡಿ0 ಮಾತ್ರ ಸಾಕು, ಅದು 1ರಿಂದ 0ಗೆ ಬಿದ್ದ ಕ್ಷಣದಿಂದ ತೋರಿಸು. ಇಷ್ಟು ಹೇಳಿದ್ದೇವೆ. ಟ್ರಿಗರ್‌ನ ಎಫ್ ಅಂದರೆ ಬೀಳುವ ಅಂಚು, ಆರ್ ಅಂದರೆ ಏರುವ ಅಂಚು, ಇ ಅಂದರೆ ಎರಡರಲ್ಲಿ ಯಾವುದಾದರೂ. ಸುಮ್ಮನಿರುವ ಸೀರಿಯಲ್ ಲೈನ್ 1ರಲ್ಲಿ ನಿಂತಿರುತ್ತದೆ. ಮಾತು ಶುರುವಾಗುವುದೇ ಬೀಳುವ ಅಂಚಿನಿಂದ.

ಸ್ಕ್ರೀನ್ ಮೇಲೆ ಎಂಟೆಂಟರ ಗುಂಪಿನಲ್ಲಿ 0 ಮತ್ತು 1ಗಳ ಸಾಲುಗಳು ಬರುತ್ತವೆ, ಸಾಲಿಗೆ 64. ಮೊದಲ ಸಾಲು ಹೆಚ್ಚುಕಮ್ಮಿ ಪೂರ್ತಿ ಸೊನ್ನೆ. ಕೊನೆಯ ಗುಂಪಿನಲ್ಲಿ ಮಾತ್ರ 1 ಕಾಣಲು ಶುರು. ಇದನ್ನು ಕೈಯಲ್ಲೇ ಓದೋಣ. 9600 ವೇಗದಲ್ಲಿ ಒಂದು ಬಿಟ್‌ಗೆ 104 ಮೈಕ್ರೊಸೆಕೆಂಡು. ನಾವು 10 ಮೈಕ್ರೊಸೆಕೆಂಡಿಗೊಮ್ಮೆ ನೋಡುತ್ತಿದ್ದೇವೆ. ಅಂದರೆ ಬಿಟ್‌ಗೆ ಹತ್ತು ಚಿಲ್ಲರೆ ಸ್ಯಾಂಪಲ್. ಸುಮಾರು 62 ಸೊನ್ನೆ ಅಂದರೆ ಆರು ಬಿಟ್. ಮೊದಲನೆಯದು ಸ್ಟಾರ್ಟ್ ಬಿಟ್, ಉಳಿದ ಐದು ಅಕ್ಷರದವು. ಅಕ್ಷರಗಳನ್ನು ಬೈಟ್ ಮಾಡುವ ಯುಟಿಎಫ್-8 ಪದ್ಧತಿಯಲ್ಲಿ "ಕ" ಮೂರು ಬೈಟ್, ಹೆಕ್ಸ್‌ನಲ್ಲಿ (ಹದಿನಾರರ ಎಣಿಕೆಯಲ್ಲಿ) ಬರೆದರೆ: ಇ0, ಬಿ2, 95. ಇ0 ಅನ್ನು ಬಿಟ್‌ನಲ್ಲಿ ಬರೆದರೆ 11100000. ಸೀರಿಯಲ್‌ನಲ್ಲಿ ಚಿಕ್ಕ ಬೆಲೆಯ ಬಿಟ್ ಮೊದಲು ಹೋಗುತ್ತದೆ. ಆದ್ದರಿಂದ ಮೊದಲು ಐದು ಸೊನ್ನೆ, ಆಮೇಲೆ ಮೂರು ಒಂದು, ಕೊನೆಗೆ ಸ್ಟಾಪ್ ಬಿಟ್. ಲೆಕ್ಕ ಸರಿಹೋಯಿತು, ಅಲ್ವಾ?

ಹೀಗೆ ಬರೀ ಕಣ್ಣಲ್ಲಿ ಒಂದು ಬೈಟ್ ಓದುವ ಕೆಲಸವನ್ನು ಒಮ್ಮೆಯಾದರೂ ಮಾಡಿ. ಡಿಕೋಡರ್ ಅರ್ಥವಿಲ್ಲದ್ದನ್ನು ಉಗುಳಿದಾಗ ತಪ್ಪು ಅದರ ಸೆಟ್ಟಿಂಗ್‌ನದೋ ತಂತಿಯದೋ ಅಂತ ಪತ್ತೆ ಹಚ್ಚಲು ಇದೇ ಆಸರೆ.

ಈಗ ಫೈಲಿಗೆ ಹಿಡಿಯೋಣ:

ಸಿಗ್ರಾಕ್-ಸಿಎಲ್‌ಐ --ಡ್ರೈವರ್ ಎಫ್‌ಎಕ್ಸ್2ಎಲ್‌ಎಎಫ್‌ಡಬ್ಲ್ಯು --ಕಾನ್ಫಿಗ್ ಸ್ಯಾಂಪಲ್‌ರೇಟ್=1000000 --ಟೈಮ್ 5000 --ಚಾನೆಲ್ಸ್ ಡಿ0 --ಔಟ್‌ಪುಟ್-ಫೈಲ್ ಸೀರಿಯಲ್.ಎಸ್‌ಆರ್

ಟೈಮ್‌ಗೆ ಬರೀ ಸಂಖ್ಯೆ ಕೊಟ್ಟರೆ ಅದು ಮಿಲಿಸೆಕೆಂಡು. ಐದು ಸೆಕೆಂಡು ಹಿಡಿಯುತ್ತದೆ. ಆಮೇಲೆ ಓದುವುದು:

ಸಿಗ್ರಾಕ್-ಸಿಎಲ್‌ಐ --ಇನ್‌ಪುಟ್-ಫೈಲ್ ಸೀರಿಯಲ್.ಎಸ್‌ಆರ್ --ಪ್ರೋಟೋಕಾಲ್-ಡಿಕೋಡರ್ಸ್ ಯುಎಆರ್‌ಟಿ:ಆರ್‌ಎಕ್ಸ್=ಡಿ0:ಬಾಡ್‌ರೇಟ್=9600 --ಪ್ರೋಟೋಕಾಲ್-ಡಿಕೋಡರ್-ಅನೊಟೇಷನ್ಸ್ ಯುಎಆರ್‌ಟಿ=ಆರ್‌ಎಕ್ಸ್-ಡೇಟಾ

ಉತ್ತರ ಹೀಗಿರುತ್ತದೆ:

ಯುಎಆರ್‌ಟಿ-1: ಇ0
ಯುಎಆರ್‌ಟಿ-1: ಬಿ2
ಯುಎಆರ್‌ಟಿ-1: 95

ಡಿಕೋಡರ್ ಹೆಸರು, ಆಮೇಲೆ ಕೋಲನ್ ಹಾಕಿ ಯಾವ ಪಿನ್ ಯಾವ ಚಾನೆಲ್‌ನಲ್ಲಿದೆ, ಮತ್ತೆ ಕೋಲನ್ ಹಾಕಿ ಸೆಟ್ಟಿಂಗ್. ಎಲ್ಲ ಡಿಕೋಡರ್‌ಗೂ ಇದೇ ವರಸೆ. ಆರ್ಡಿನೊ ಕಳಿಸುವ ಪಿನ್ ಟಿಎಕ್ಸ್ ತಾನೇ, ಇಲ್ಲಿ ಆರ್‌ಎಕ್ಸ್ ಅಂತ ಯಾಕೆ ಬರೆದೆವು? ಡಿಕೋಡರ್‌ಗೆ ಅದು ಬರೀ ಹೆಸರು. ಎರಡೂ ದಿಕ್ಕು ಹಿಡಿದಾಗ ಒಂದಕ್ಕೆ ಆರ್‌ಎಕ್ಸ್, ಇನ್ನೊಂದಕ್ಕೆ ಟಿಎಕ್ಸ್ ಅಂತ ಕೊಟ್ಟರೆ ಬೇರೆ ಬೇರೆಯಾಗಿ ಕಾಣುತ್ತದೆ. ಅಷ್ಟೇ ಉಪಯೋಗ. ಇಂಗ್ಲಿಷ್ ಪಠ್ಯ ಓಡುತ್ತಿದ್ದರೆ ಫಾರ್ಮ್ಯಾಟ್=ಆಸ್ಕಿ ಅಂತ ಸೇರಿಸಿ, ಅಕ್ಷರಗಳೇ ಬರುತ್ತವೆ.

ಬಾಡ್‌ರೇಟ್, ಅಂದರೆ ಸೀರಿಯಲ್ ವೇಗ, ಗೊತ್ತಿಲ್ಲದ ಬೋರ್ಡ್ ಸಿಕ್ಕಿದರೆ ಹೆದರಬೇಡಿ. ಗೆಸ್_ಬಿಟ್‌ರೇಟ್ ಅನ್ನುವ ಡಿಕೋಡರ್ ಇದೆ, ಅದಕ್ಕೆ ಡೇಟಾ=ಡಿ0 ಅಂತ ಕೊಟ್ಟರೆ ಅತಿ ಚಿಕ್ಕ ಪಲ್ಸ್ ನೋಡಿ ಅಂದಾಜು ಹೇಳುತ್ತದೆ. 115200 ವೇಗದಲ್ಲಿ ಬಿಟ್ ಬರೀ 8.7 ಮೈಕ್ರೊಸೆಕೆಂಡು. ಅಂದಾಜು 115000ದ ಆಸುಪಾಸು ಬಂದರೆ 115200 ಅಂತಲೇ ತಿಳಿಯಿರಿ.

ಆ ಗಡಿಯಾರಕ್ಕೆ ಏನಾಗಿದೆ

ಈಗ 2165ನೇ ಇಸವಿಗೆ ಬರೋಣ. ಡಿಎಸ್1307 ಮಾತಾಡುವುದು ಐ2ಸಿಯಲ್ಲಿ. ಎರಡು ತಂತಿ: ತಾಳ ಹಾಕುವ ಎಸ್‌ಸಿಎಲ್, ಮಾತು ಹೊರುವ ಎಸ್‌ಡಿಎ. ಊನೊದಲ್ಲಿ ಎ5 ಪಿನ್ ಎಸ್‌ಸಿಎಲ್, ಎ4 ಪಿನ್ ಎಸ್‌ಡಿಎ. ಎಸ್‌ಸಿಎಲ್ ಅನ್ನು ಡಿ0ಗೆ, ಎಸ್‌ಡಿಎಯನ್ನು ಡಿ1ಕ್ಕೆ ಜೋಡಿಸಿ. ಇರುವ ಜೋಡಣೆ ಕಿತ್ತುಹಾಕಬೇಡಿ, ಅದರ ಮೇಲೆಯೇ ಕ್ಲಿಪ್ ಹಾಕಿ. ಈ ಚಿಪ್‌ನ ವೇಗದ ಮಿತಿ 100 ಕಿಲೋಹರ್ಟ್ಸ್, ಆದ್ದರಿಂದ 2 ಮೆಗಾಹರ್ಟ್ಸ್ ಧಾರಾಳ ಸಾಕು.

ಸಿಗ್ರಾಕ್-ಸಿಎಲ್‌ಐ --ಡ್ರೈವರ್ ಎಫ್‌ಎಕ್ಸ್2ಎಲ್‌ಎಎಫ್‌ಡಬ್ಲ್ಯು --ಕಾನ್ಫಿಗ್ ಸ್ಯಾಂಪಲ್‌ರೇಟ್=2000000 --ಟೈಮ್ 5000 --ಚಾನೆಲ್ಸ್ ಡಿ0,ಡಿ1 --ಔಟ್‌ಪುಟ್-ಫೈಲ್ ಆರ್‌ಟಿಸಿ.ಎಸ್‌ಆರ್

ಸಿಗ್ರಾಕ್-ಸಿಎಲ್‌ಐ --ಇನ್‌ಪುಟ್-ಫೈಲ್ ಆರ್‌ಟಿಸಿ.ಎಸ್‌ಆರ್ --ಪ್ರೋಟೋಕಾಲ್-ಡಿಕೋಡರ್ಸ್ ಐ2ಸಿ:ಎಸ್‌ಸಿಎಲ್=ಡಿ0:ಎಸ್‌ಡಿಎ=ಡಿ1 --ಪ್ರೋಟೋಕಾಲ್-ಡಿಕೋಡರ್-ಅನೊಟೇಷನ್ಸ್ ಐ2ಸಿ=ಅಡ್ರೆಸ್-ರೀಡ್:ಅಡ್ರೆಸ್-ರೈಟ್:ಡೇಟಾ-ರೀಡ್:ಡೇಟಾ-ರೈಟ್:ಆ್ಯಕ್:ನ್ಯಾಕ್

ಕೊನೆಯ ಆಯ್ಕೆ ಯಾಕೆಂದರೆ, ಅದನ್ನು ಬಿಟ್ಟರೆ ಒಂದೊಂದು ಬಿಟ್‌ಗೂ ಒಂದೊಂದು ಸಾಲು ಬಂದು ಸ್ಕ್ರೀನ್ ತುಂಬಿಹೋಗುತ್ತದೆ. ಕೆಟ್ಟಿರುವ ಗಡಿಯಾರದ ಫೈಲಿನಲ್ಲಿ ಮುಖ್ಯವಾಗಿ ಇಷ್ಟೇ ಕಾಣುತ್ತದೆ:

ಐ2ಸಿ-1: ಅಡ್ರೆಸ್ ರೈಟ್: 68
ಐ2ಸಿ-1: ನ್ಯಾಕ್
ಐ2ಸಿ-1: ಅಡ್ರೆಸ್ ರೀಡ್: 68
ಐ2ಸಿ-1: ನ್ಯಾಕ್

ಹೆಕ್ಸ್‌ನಲ್ಲಿ 68 ಅನ್ನುವುದು ಡಿಎಸ್1307ರ ವಿಳಾಸ. ಆರ್ಡಿನೊ ಹೆಸರು ಹಿಡಿದು ಕೂಗಿದೆ. ಆ ಕಡೆಯಿಂದ "ಹೂಂ" ಅನ್ನುವ ಆ್ಯಕ್ ಬಂದಿಲ್ಲ. ಇನ್ನೊಮ್ಮೆ ಕೂಗಿದೆ, ಆಗಲೂ ಇಲ್ಲ. ಉತ್ತರ ಬರದಿದ್ದರೂ ಗಡಿಯಾರದ ಲೈಬ್ರರಿಯ ಹಳೆ ಆವೃತ್ತಿಗಳು ದೂರು ಹೇಳದೆ ಮುಂದೆ ಹೋಗುತ್ತವೆ. ಓದಲು ಏನೂ ಇಲ್ಲದಾಗ ಕೈಗೆ ಬರುವುದು ಮೈನಸ್ 1, ಅಂದರೆ ಬೈಟ್‌ನಲ್ಲಿ 255. ಈ ಚಿಪ್ ಹತ್ತರ ಸ್ಥಾನವನ್ನೂ ಬಿಡಿ ಸ್ಥಾನವನ್ನೂ ನಾಲ್ಕು ನಾಲ್ಕು ಬಿಟ್‌ನಲ್ಲಿ ಬೇರೆ ಬೇರೆ ಇಡುತ್ತದೆ. ಆ ಲೆಕ್ಕದಲ್ಲಿ 255 ಅನ್ನು ಬಿಡಿಸಿದರೆ ಹದಿನೈದು ಹತ್ತು, ಜೊತೆಗೆ ಹದಿನೈದು: 165. ಸೆಕೆಂಡಿನಲ್ಲಿ ಮಾತ್ರ ಮೇಲಿನ ಬಿಟ್ ಗಡಿಯಾರ ನಿಲ್ಲಿಸುವ ಸ್ವಿಚ್. ಅದನ್ನು ತೆಗೆದು ಲೆಕ್ಕ ಹಾಕುತ್ತಾರೆ: ಏಳು ಹತ್ತು, ಜೊತೆಗೆ ಹದಿನೈದು, 85. ಸ್ಕ್ರೀನ್ ಮೇಲಿದ್ದ ವಿಚಿತ್ರ ಸಂಖ್ಯೆಗಳು ಎಲ್ಲಿಂದ ಹುಟ್ಟಿದವು ಅಂತ ಈಗ ಗೊತ್ತಾಯಿತು. ಅದು ಕೆಟ್ಟ ಸಮಯ ಅಲ್ಲ, ಉತ್ತರವೇ ಇಲ್ಲ.

ಉತ್ತರ ಯಾಕಿಲ್ಲ? ಮಾಡ್ಯೂಲ್ ಕಡೆ ಎಸ್‌ಡಿಎ, ಎಸ್‌ಸಿಎಲ್ ಅದಲುಬದಲಾಗಿರಬಹುದು. ಆಗಲೂ ಆರ್ಡಿನೊ ಬಳಿ ಹಿಡಿದ ಸಿಗ್ನಲ್ ಸರಿಯಾಗಿಯೇ ಕಾಣುತ್ತದೆ, ನ್ಯಾಕ್ ಮಾತ್ರ ಬರುತ್ತದೆ. ಪವರ್ ವೈರ್ ಬಿಟ್ಟಿರಬಹುದು. ಆದರೆ ಹೆಚ್ಚಿನವರಿಗೆ ಹೊಳೆಯದ ಕಾರಣ ಒಂದಿದೆ. ಡಿಎಸ್1307ಗೆ 5 ವೋಲ್ಟ್ ಬೇಕು. ಪವರ್ ಬ್ಯಾಟರಿ ವೋಲ್ಟೇಜಿನ 1.25 ಪಟ್ಟಿಗಿಂತ ಕೆಳಗಿಳಿದರೆ ಕರೆಂಟ್ ಹೋಯಿತು ಅಂತ ಅದು ತಿಳಿಯುತ್ತದೆ. ಒಳಗೆ ಸಮಯ ಎಣಿಸುತ್ತಾ ಕೂರುತ್ತದೆ, ಹೊರಗಿನ ಮಾತಿಗೆ ಕಿವಿ ಕೊಡುವುದಿಲ್ಲ. ಬಟನ್ ಸೆಲ್ 3 ವೋಲ್ಟ್ ಅಂದರೆ ಮಿತಿ 3.75. ಯಾರಾದರೂ 3.3 ವೋಲ್ಟ್ ಪಿನ್‌ಗೆ ಜೋಡಿಸಿದರೆ ಚಿಪ್ ಆರೋಗ್ಯವಾಗಿಯೇ ಇರುತ್ತದೆ, ಆದರೆ ಮೌನ.

ಇದನ್ನು ಖಚಿತ ಮಾಡಿಕೊಳ್ಳುವ ದಾರಿಯೂ ಇದೆ. ಟೈನಿ ಆರ್‌ಟಿಸಿ ಅಂತ ಮಾರುವ ನೀಲಿ ಮಾಡ್ಯೂಲ್ ಮೇಲೆ ಗಡಿಯಾರದ ಜೊತೆ 24ಸಿ32 ನೆನಪಿನ ಚಿಪ್ ಕೂಡ ಇರುತ್ತದೆ, ಸಾಮಾನ್ಯವಾಗಿ 50ನೇ ವಿಳಾಸದಲ್ಲಿ. ಅದಕ್ಕೆ 3.3 ವೋಲ್ಟ್ ಸಾಕು. ಐ2ಸಿ ಸ್ಕ್ಯಾನರ್ ಪ್ರೋಗ್ರಾಂ ಓಡಿಸಿ, ಅದೇ ಹೊತ್ತಿಗೆ ಹಿಡಿಯಿರಿ. 50ಕ್ಕೆ ಆ್ಯಕ್, 68ಕ್ಕೆ ನ್ಯಾಕ್ ಬಂದರೆ ವೈರ್‌ಗಳು ಸರಿ, ಮೊದಲು ವೋಲ್ಟೇಜ್ ನೋಡಿ. ಎರಡಕ್ಕೂ ನ್ಯಾಕ್ ಆದರೆ ವೈರ್ ನೋಡಿ.

5 ವೋಲ್ಟ್ ಕೊಟ್ಟಮೇಲೆ ಮತ್ತೆ ಹಿಡಿದರೆ ಚಿತ್ರವೇ ಬೇರೆ. ಅಡ್ರೆಸ್ ರೈಟ್ 68, ಆ್ಯಕ್. ಡೇಟಾ ರೈಟ್ 00, ಆ್ಯಕ್: ಸೊನ್ನೆಯಿಂದ ಓದಬೇಕು ಅಂತ. ಆಮೇಲೆ ಅಡ್ರೆಸ್ ರೀಡ್ 68, ಆ್ಯಕ್, ಅದರ ಹಿಂದೆ ಏಳು ಬೈಟ್: ಸೆಕೆಂಡು, ನಿಮಿಷ, ಗಂಟೆ, ವಾರ, ತಾರೀಖು, ತಿಂಗಳು, ಇಸವಿ. ಮೊದಲ ಬೈಟ್ 37 ಅಂತ ಕಂಡರೆ ಅದು 37 ಸೆಕೆಂಡೇ, ಇನ್ನೇನೂ ಲೆಕ್ಕ ಮಾಡಬೇಕಿಲ್ಲ. ಏಳನೆಯ ಬೈಟ್ ಆದಮೇಲೆ ಒಂದು ನ್ಯಾಕ್ ಬರುತ್ತದೆ. ಅದನ್ನು ನೋಡಿ ಗಾಬರಿಯಾಗಬೇಡಿ. ಓದುವಾಗ ಕೊನೆಯ ಬೈಟ್‌ಗೆ ನ್ಯಾಕ್ ಕೊಡುವುದು ಆರ್ಡಿನೊ, "ಸಾಕು, ನಿಲ್ಲಿಸು" ಅನ್ನಲಿಕ್ಕೆ. ವಿಳಾಸದ ಹಿಂದೆ ಬರುವ ನ್ಯಾಕ್ ಮಾತ್ರ ರೋಗ.

ಡಿಕೋಡರ್ ಮೇಲೆ ಡಿಕೋಡರ್

ಬೈಟ್‌ಗಳನ್ನೂ ನಾವೇ ಓದಬೇಕಿಲ್ಲ. ಡಿಕೋಡರ್‌ಗಳ ನಡುವೆ ಅಲ್ಪವಿರಾಮ ಹಾಕಿದರೆ ಒಂದರ ಉತ್ತರ ಇನ್ನೊಂದಕ್ಕೆ ಹೋಗುತ್ತದೆ:

ಸಿಗ್ರಾಕ್-ಸಿಎಲ್‌ಐ --ಇನ್‌ಪುಟ್-ಫೈಲ್ ಆರ್‌ಟಿಸಿ.ಎಸ್‌ಆರ್ --ಪ್ರೋಟೋಕಾಲ್-ಡಿಕೋಡರ್ಸ್ ಐ2ಸಿ:ಎಸ್‌ಸಿಎಲ್=ಡಿ0:ಎಸ್‌ಡಿಎ=ಡಿ1,ಡಿಎಸ್1307 --ಪ್ರೋಟೋಕಾಲ್-ಡಿಕೋಡರ್-ಅನೊಟೇಷನ್ಸ್ ಡಿಎಸ್1307

ಈಗ ತಾರೀಖು, ಸಮಯ ಓದುವ ರೂಪದಲ್ಲೇ ಬರುತ್ತದೆ. ಫೈಲ್ ಅದೇ, ಹೊಸದಾಗಿ ಹಿಡಿಯಬೇಕಿಲ್ಲ ಅನ್ನುವುದು ಗಮನಿಸಿ. ಇಂಥ ಡಿಕೋಡರ್‌ಗಳು ನೂರಕ್ಕೂ ಜಾಸ್ತಿ ಇವೆ. ಎಲ್ಲ ಪೈಥಾನ್‌ನಲ್ಲಿ ಬರೆದವು. ನಿಮ್ಮ ಚಿಪ್‌ಗೆ ಇಲ್ಲದಿದ್ದರೆ ಒಂದನ್ನು ತೆರೆದು ತಿದ್ದಿ ಹೊಸದು ಮಾಡಿಕೊಳ್ಳಬಹುದು. ಪಟ್ಟಿ ಬೇಕಾದರೆ --ಲಿಸ್ಟ್-ಸಪೋರ್ಟೆಡ್. ಒಂದರ ಪೂರ್ತಿ ವಿವರ, ಅದರ ಚಾನೆಲ್, ಸೆಟ್ಟಿಂಗ್, ಅನೊಟೇಷನ್ ಹೆಸರುಗಳು ಬೇಕಾದರೆ:

ಸಿಗ್ರಾಕ್-ಸಿಎಲ್‌ಐ --ಪ್ರೋಟೋಕಾಲ್-ಡಿಕೋಡರ್ಸ್ ಐ2ಸಿ --ಶೋ

ಈ ಕಮಾಂಡ್ ಬಾಯಿಪಾಠ ಆಗಲಿ. ಆವೃತ್ತಿ ಬದಲಾದಾಗ ಅನೊಟೇಷನ್ ಹೆಸರುಗಳೂ ಅಲ್ಲಿ ಇಲ್ಲಿ ಬದಲಾಗುತ್ತವೆ. ಎಲ್ಲೋ ಓದಿದ್ದಕ್ಕಿಂತ ನಿಮ್ಮ ಯಂತ್ರ ಹೇಳಿದ್ದನ್ನೇ ನಂಬಿ.

ಪಠ್ಯವಾಗಿ ಬಂದದ್ದರಿಂದ ಆಗುವ ಲಾಭ

ಉತ್ತರ ಪಠ್ಯವಾದ್ದರಿಂದ ಗ್ರೆಪ್ ಹಾಕಬಹುದು. ಮೇಲಿನ ಐ2ಸಿ ಕಮಾಂಡ್‌ನ ಕೊನೆಗೆ ಪೈಪ್ ಹಾಕಿ ಗ್ರೆಪ್‌ನಲ್ಲಿ ಅಡ್ರೆಸ್ ಅನ್ನುವ ಪದ ಹುಡುಕಿ. ದೊಡ್ಡ ಎ ಮತ್ತು 1 ಸೇರಿದ ಆಯ್ಕೆ ಕೊಟ್ಟರೆ ಅದರ ಮುಂದಿನ ಒಂದು ಸಾಲೂ ಬರುತ್ತದೆ. ಪ್ರತಿ ಕೂಗು, ಅದಕ್ಕೆ ಸಿಕ್ಕ ಉತ್ತರ, ಜೋಡಿ ಜೋಡಿಯಾಗಿ.

ಯಾವಾಗ ಆಯಿತು ಅಂತ ತಿಳಿಯಬೇಕೇ? --ಪ್ರೋಟೋಕಾಲ್-ಡಿಕೋಡರ್-ಸ್ಯಾಂಪಲ್‌ನಮ್ ಸೇರಿಸಿ. ಪ್ರತಿ ಸಾಲಿನ ಮೊದಲಿಗೆ ಶುರು ಮತ್ತು ಕೊನೆಯ ಸ್ಯಾಂಪಲ್ ಸಂಖ್ಯೆ ಬರುತ್ತದೆ. ಸ್ಯಾಂಪಲ್‌ರೇಟ್‌ನಿಂದ ಭಾಗಿಸಿದರೆ ಸಮಯ. 2 ಮೆಗಾಹರ್ಟ್ಸ್‌ನಲ್ಲಿ 3000000ನೇ ಸ್ಯಾಂಪಲ್ ಅಂದರೆ 1.5ನೇ ಸೆಕೆಂಡು. ಮೋಟರ್ ಶುರುವಾದ ಕೂಡಲೇ ಸೆನ್ಸರ್ ಮಾತು ನಿಲ್ಲಿಸುತ್ತದೆಯೇ ಅನ್ನುವಂಥ ಪ್ರಶ್ನೆಗೆ ಮೋಟರ್‌ನ ಕಂಟ್ರೋಲ್ ಪಿನ್ ಅನ್ನು ಡಿ2ಗೆ ಹಾಕಿ ಹೋಲಿಸಿದರೆ ಆಯಿತು.

ಸೀರಿಯಲ್‌ನಲ್ಲಿ ಹೋದ ಬೈಟ್‌ಗಳು ಯಾವ ಅಲಂಕಾರವೂ ಇಲ್ಲದೆ ಹಾಗೇ ಬೇಕು ಅಂದರೆ ಅನೊಟೇಷನ್ಸ್ ಬದಲು --ಪ್ರೋಟೋಕಾಲ್-ಡಿಕೋಡರ್-ಬೈನರಿ ಯುಎಆರ್‌ಟಿ=ಆರ್‌ಎಕ್ಸ್ ಕೊಟ್ಟು ಫೈಲಿಗೆ ತಿರುಗಿಸಿ. ನಮ್ಮ "ಕ" ಪ್ರಯೋಗದಲ್ಲಿ ಹೀಗೆ ಮಾಡಿ, ಆ ಫೈಲ್ ತೆರೆದು ನೋಡಿ. ಕಕಕಕ ಅಂತ ಕನ್ನಡದಲ್ಲೇ ಇರುತ್ತದೆ.

ಎಷ್ಟು ವೇಗದಲ್ಲಿ ನೋಡಬೇಕು

ಸಿಗ್ನಲ್ ವೇಗದ ನಾಲ್ಕು ಪಟ್ಟು ಕನಿಷ್ಠ, ಹತ್ತು ಪಟ್ಟು ನೆಮ್ಮದಿ. ಎಲ್ಲದಕ್ಕೂ 24 ಮೆಗಾಹರ್ಟ್ಸ್ ಇಟ್ಟರಾಯಿತು ಅನ್ನುವುದು ಸರಿಯಲ್ಲ. ಸೆಕೆಂಡಿಗೆ 24 ಮೆಗಾಬೈಟ್ ಯುಎಸ್‌ಬಿ 2ಕ್ಕೆ ದೊಡ್ಡ ಹೊರೆ. ಅದೇ ಹಬ್‌ನಲ್ಲಿ ವೆಬ್‌ಕ್ಯಾಮ್ ಇದ್ದರೆ ಡಬ್ಬಿಗೆ ಜಾಗ ಸಾಲದೆ ಹಿಡಿತ ಅರ್ಧಕ್ಕೇ ನಿಲ್ಲುತ್ತದೆ. ಕೇಳಿದಷ್ಟು ಸ್ಯಾಂಪಲ್ ಬರಲಿಲ್ಲ ಅಂತ ಸಂದೇಶ ಬಂದರೆ ವೇಗ ಇಳಿಸಿ, ಇಲ್ಲವೇ ಲ್ಯಾಪ್‌ಟಾಪ್‌ನ ನೇರ ಪೋರ್ಟ್‌ಗೆ ಚುಚ್ಚಿ. ಜೊತೆಗೆ ಡಿಕೋಡರ್‌ಗಳು ಪೈಥಾನ್. ಹತ್ತು ಸೆಕೆಂಡಿನ 240 ದಶಲಕ್ಷ ಸ್ಯಾಂಪಲ್ ಓದಲು ಸಾಕಷ್ಟು ಕಾಯಿಸುತ್ತವೆ.

ಚಿಪ್‌ಗಳು ಮಾತಾಡುವ ಇನ್ನೊಂದು ಪದ್ಧತಿಯಾದ ಎಸ್‌ಪಿಐನಲ್ಲಿ ಈ ಮಿತಿ ಬೇಗ ತಗುಲುತ್ತದೆ. ಅದಕ್ಕೆ ನಾಲ್ಕು ವೈರ್: ಸಿಎಲ್‌ಕೆ, ಎಂಐಎಸ್‌ಒ, ಎಂಒಎಸ್‌ಐ, ಸಿಎಸ್. ಡಿಕೋಡರ್‌ಗೂ ಇದೇ ಹೆಸರುಗಳಲ್ಲಿ ಚಾನೆಲ್ ಕೊಡಬೇಕು. ಕ್ಲಾಕ್ 4 ಮೆಗಾಹರ್ಟ್ಸ್‌ವರೆಗೆ ಈ ಡಬ್ಬಿ ಚೆನ್ನಾಗಿ ಹಿಡಿಯುತ್ತದೆ. ಅದಕ್ಕಿಂತ ಜಾಸ್ತಿಯಾದರೆ ನಿಮ್ಮ ಕೋಡ್‌ನಲ್ಲೇ ಎಸ್‌ಪಿಐ ವೇಗ ಇಳಿಸಿ ಪರೀಕ್ಷೆ ಮಾಡುವುದು ಸುಲಭ.

ಕಡಿಮೆ ವೇಗವೇ ಸಾಕಾಗುವ ಒಳ್ಳೆಯ ಆಟ ಅಂದರೆ ರಿಮೋಟ್. ಮೂರು ಕಾಲಿನ 38 ಕಿಲೋಹರ್ಟ್ಸ್ ಐಆರ್ ರಿಸೀವರ್‌ಗೆ ಪವರ್ ಕೊಟ್ಟು, ಔಟ್ ಕಾಲನ್ನು ಡಿ0ಗೆ ಹಾಕಿ, 500000 ಸ್ಯಾಂಪಲ್‌ರೇಟ್‌ನಲ್ಲಿ ಬೀಳುವ ಅಂಚಿನ ಟ್ರಿಗರ್ ಇಟ್ಟು ಬಟನ್ ಒತ್ತಿ. ಐಆರ್_ಎನ್‌ಇಸಿ ಡಿಕೋಡರ್‌ಗೆ ಐಆರ್=ಡಿ0 ಕೊಟ್ಟರೆ ವಿಳಾಸ ಮತ್ತು ಬಟನ್ ಸಂಖ್ಯೆ ಬರುತ್ತದೆ. ಏನೂ ಬರದಿದ್ದರೆ ಮೊದಲ ಪಲ್ಸ್ ಅಳೆಯಿರಿ. ಎನ್‌ಇಸಿ ಆದರೆ 9 ಮಿಲಿಸೆಕೆಂಡು ಕೆಳಗೆ, 4.5 ಮಿಲಿಸೆಕೆಂಡು ಮೇಲೆ ಇರಲೇಬೇಕು. ಇಲ್ಲ ಅಂದರೆ ನಿಮ್ಮ ರಿಮೋಟ್ ಬೇರೆ ಭಾಷೆಯದು, ಐಆರ್_ಆರ್‌ಸಿ5 ಹಾಕಿ ನೋಡಿ.

ಕೆಲಸ ಕೆಟ್ಟಾಗ

ಡಿಕೋಡರ್ ಏನೂ ಹೇಳದಿದ್ದರೆ ಮೊದಲು ಡಿಕೋಡರ್ ಇಲ್ಲದೆ ಬಿಟ್‌ಗಳನ್ನು ನೋಡಿ. ಲೈನ್ ಪೂರ್ತಿ 0 ಅಥವಾ ಪೂರ್ತಿ 1 ಆಗಿದ್ದರೆ ಕ್ಲಿಪ್ ತಪ್ಪು ಪಿನ್‌ನಲ್ಲಿದೆ, ಇಲ್ಲವೇ ಚಾನೆಲ್ ಎಣಿಕೆ ಒಂದು ಆಚೀಚೆ ಆಗಿದೆ. ಐ2ಸಿಯಲ್ಲಿ ವಿಳಾಸಗಳು ಕಂಡಕಂಡಂತೆ ಬಂದರೆ ಎಸ್‌ಸಿಎಲ್, ಎಸ್‌ಡಿಎ ಹೆಸರು ಅದಲುಬದಲು ಮಾಡಿ ಅದೇ ಫೈಲನ್ನು ಮತ್ತೆ ಓದಿ. ವೈರ್ ಮುಟ್ಟುವ ಮೊದಲು ಕಮಾಂಡ್ ತಿದ್ದಿ ನೋಡುವುದು ಅಗ್ಗ.

ಇಲ್ಲದ ಸ್ಟಾರ್ಟ್, ಇಲ್ಲದ ಸ್ಟಾಪ್ ನಡುನಡುವೆ ಕಂಡರೆ ಅದು ಉದ್ದ ಜಂಪರ್‌ಗಳ ಚೇಷ್ಟೆ. ಒಂದು ವೈರಿನ ಏರಿಳಿತ ಪಕ್ಕದ ವೈರಿಗೆ ಸೋರುತ್ತದೆ. ವೈರ್ ಗಿಡ್ಡ ಮಾಡಿ, ಅಂಟಿಕೊಂಡಿರುವ ಪಟ್ಟಿಯನ್ನು ಬಿಡಿಸಿ, ಎರಡನೆಯ ಗ್ರೌಂಡ್ ವೈರ್ ಹಾಕಿ. ಐ2ಸಿ ಲೈನಿಗೆ 4.7 ಕಿಲೋಓಮ್ ಪುಲ್-ಅಪ್ (ಲೈನನ್ನು 1ರ ಕಡೆ ಎಳೆದು ಹಿಡಿಯುವ ರೆಸಿಸ್ಟರ್) ಇದೆಯೇ ನೋಡಿ. ಆರ್ಡಿನೊ ಒಳಗಿನ ಪುಲ್-ಅಪ್ ತುಂಬಾ ಸಡಿಲ. ಅದರಲ್ಲೇ ಓಡುತ್ತಿದ್ದ ಸರ್ಕ್ಯೂಟ್ ಕ್ಲಿಪ್ ಹಾಕಿದ ಕೂಡಲೇ ನಿಂತುಹೋಗುವುದೂ ಉಂಟು, ಕ್ಲಿಪ್ ತೆಗೆದರೆ ಮತ್ತೆ ಸರಿ. ಹಾಗಾದರೆ ಅನಲೈಸರ್ ಮೇಲೆ ಸಿಟ್ಟು ಮಾಡಬೇಡಿ, ಅಂಚಿನಲ್ಲಿ ನಿಂತಿದ್ದ ಸರ್ಕ್ಯೂಟನ್ನು ಅದು ತೋರಿಸಿಕೊಟ್ಟಿದೆ.

ನಿಮಗೆ ಬಿಡಿಸಲಾಗದಿದ್ದರೆ ಎಸ್‌ಆರ್ ಫೈಲನ್ನು ಗೊತ್ತಿರುವವರಿಗೆ ಕಳಿಸಿ. ಅದು ಒಳಗೆ ಬರೀ ಜಿಪ್ ಫೈಲ್. ಸ್ಯಾಂಪಲ್‌ರೇಟ್, ಚಾನೆಲ್ ಹೆಸರು ಎಲ್ಲ ಅದರಲ್ಲೇ ಇರುವುದರಿಂದ ಬೇರೆ ವಿವರ ಬರೆಯಬೇಕಿಲ್ಲ. ಪಲ್ಸ್‌ವ್ಯೂನಲ್ಲೂ ಅದೇ ತೆರೆಯುತ್ತದೆ. ಕಳಿಸುವ ಮೊದಲು ಒಮ್ಮೆ ನೀವೇ ಆಸ್ಕಿಯಲ್ಲಿ ಓದಿ ನೋಡಿ. ವೈಫೈ ಇರುವ ಬೋರ್ಡ್‌ಗಳು ಶುರುವಾಗುವಾಗ ಮನೆಯ ಪಾಸ್‌ವರ್ಡ್ ಅನ್ನೂ ಸೀರಿಯಲ್ ಲೈನಿಗೆ ಬಿಡುವುದುಂಟು.